ಊರಿಗೆ ಮರಳಿ ಕೃಷಿ ಮಾಡುವವರಿಗೆ: ಯಾವ ದೇಶದ ಪದ್ಧತಿ ನಮ್ಮ ನೆಲಕ್ಕೆ ಹೊಂದುತ್ತದೆ?

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ಬೆಂಗಳೂರಿನ ಕೆಲಸ ಬಿಟ್ಟು ಶಿರಸಿಗೆ ಬಂದ. ಬಂದ ಮರುದಿನವೇ ಮೊಬೈಲ್ ಹಿಡಿದು ಜಗಲಿಯಲ್ಲಿ ಕೂತ.

"ಮಾವ, ಇದ್ನ ನೋಡು. ಮಣ್ಣೇ ಬೇಡ. ಪೈಪಿನಲ್ಲಿ ನೀರು ಹರಿಸಿ ಸೊಪ್ಪು ಬೆಳೆಯೋದು. ನೀರು ಎಷ್ಟು ಉಳಿಯುತ್ತೆ ಗೊತ್ತಾ?"

ಹೊರಗೆ ಧೋ ಅಂತ ಮಳೆ. ಮಾಡಿನ ನೀರು ಅಂಗಳದಲ್ಲಿ ಹರಿದು ತೋಟದ ಕಡೆ ಹೋಗುತ್ತಿತ್ತು. "ನಮಗೀಗ ನೀರು ಉಳಿಸೋದು ಕಷ್ಟವೋ, ತೋಟದಿಂದ ನೀರು ಹೊರಗೆ ಹಾಕೋದು ಕಷ್ಟವೋ?" ಅಂದೆ. ಅವನು ನಕ್ಕು ಮೊಬೈಲ್ ಕೆಳಗಿಟ್ಟ.

ಹಾಗಂತ ಅವನು ತೋರಿಸಿದ್ದು ಕೆಟ್ಟ ಪದ್ಧತಿ ಅಂತ ಅಲ್ಲ. ಜಗತ್ತಿನ ಯಾವ ಕೃಷಿ ಪದ್ಧತಿಯೂ ಸುಮ್ನೆ ಹುಟ್ಟಿದ್ದಲ್ಲ. ಒಂದೊಂದೂ ಆಯಾ ಊರಿನ ಒಂದು ಕಷ್ಟಕ್ಕೆ ಅಲ್ಲಿನವರು ಕಂಡುಕೊಂಡ ದಾರಿ. ಆ ಕಷ್ಟ ನಮ್ಮಲ್ಲೂ ಇದ್ದರೆ ಆ ದಾರಿ ನಮಗೂ ಆಗುತ್ತದೆ. ಇಲ್ಲದಿದ್ದರೆ ದುಡ್ಡು ದಂಡ. ಆಮೇಲಿನ ತಿಂಗಳುಗಳಲ್ಲಿ ಅವನೂ ನಾನೂ ಜಮೀನು ಸುತ್ತುತ್ತಾ ಮಾತಾಡಿದ್ದನ್ನು ಅವನಂಥವರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಎಕರೆ ಎರಡೆಕರೆ ಇರುವ ಉತ್ತರ ಕನ್ನಡದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಮೊದಲ ಹೆಜ್ಜೆ: ಜುಲೈಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ನಡೆಯಿರಿ

ಜಮೀನು ನೋಡಲು ಹೆಚ್ಚಿನವರು ಬರುವುದು ಡಿಸೆಂಬರ್‌ನಲ್ಲಿ. ಆಗ ಎಲ್ಲ ಜಮೀನೂ ಚೆಂದವೇ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ, ಘಟ್ಟ ಇಳಿದರೆ 3000 ದಾಟುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಏಪ್ರಿಲ್ ಬಂದರೆ ಅದೇ ಊರಿನಲ್ಲಿ ಬಾವಿಯ ತಳ ಕಾಣುತ್ತದೆ. ನಾಲ್ಕು ತಿಂಗಳು ನೀರು ಜಾಸ್ತಿ, ಮೂರು ತಿಂಗಳು ನೀರಿಲ್ಲ. ನಮ್ಮ ಕಷ್ಟ ಒಂದಲ್ಲ, ಎರಡು. ಇದು ತಲೆಯಲ್ಲಿದ್ದರೆ ಮುಂದಿನ ಅರ್ಧ ತಪ್ಪುಗಳು ತಪ್ಪುತ್ತವೆ.

ಜುಲೈಯಲ್ಲಿ ಜೋರು ಮಳೆ ನಿಂತ ಅರ್ಧ ಗಂಟೆಗೆ ಕೊಡೆ ಹಿಡಿದು ಹೊರಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣು ಕೊಚ್ಚಿಕೊಂಡು ಕೆಂಪಗೆ ಹರಿಯುತ್ತದೆ ಅಂತ ಒಂದು ಕಾಗದದ ಮೇಲೆ ಗೆರೆ ಹಾಕಿ. ಎರಡು ಅಡಿ ಆಳದ ಗುಂಡಿಯನ್ನು ಮೂರ್ನಾಲ್ಕು ಕಡೆ ತೋಡಿಸಿ. ಮರುದಿನವೂ ಗುಂಡಿಯಲ್ಲಿ ನೀರು ತುಂಬಿಯೇ ಇದ್ದರೆ ಅಲ್ಲಿ ಬಸಿಗಾಲುವೆ ಆಗುವ ತನಕ ಅಡಿಕೆ, ಕಾಳುಮೆಣಸು, ಕೋಕೋ ಯಾವುದನ್ನೂ ಯೋಚಿಸಬೇಡಿ. ಏಪ್ರಿಲ್ ಕೊನೆಗೆ ಮತ್ತೆ ಅದೇ ದಾರಿಯಲ್ಲಿ ನಡೆಯಿರಿ. ಬಾವಿ, ಕೆರೆ, ಹಳ್ಳದಲ್ಲಿ ಎಷ್ಟು ನೀರಿದೆ ಅಂತ ಅಳೆದು ಬರೆಯಿರಿ. ಪಕ್ಕದ ಮನೆಯ ಬಾವಿಯನ್ನೂ ಕೇಳಿ. ನಿಮ್ಮ ಬಾವಿಯ ನೀರು ಕೆಳಗಿದ್ದು ಅವರದ್ದು ಮೇಲಿದ್ದರೆ ಅದೂ ಒಂದು ಮಾಹಿತಿ.

ಮಣ್ಣಿನ ಪರೀಕ್ಷೆಗೆ ಮಾದರಿ ತೆಗೆಯುವಾಗ ಬಹಳ ಜನ ಗೊಬ್ಬರಗುಂಡಿಯ ಪಕ್ಕದ ಮಣ್ಣನ್ನೇ ತುಂಬಿಕೊಂಡು ಹೋಗುತ್ತಾರೆ. ಹಾಗೆ ಮಾಡಬೇಡಿ. ಒಂದೇ ಬಗೆಯ ನೆಲದಲ್ಲಿ ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷ್ 'ವಿ' ಅಕ್ಷರದ ಹಾಗೆ ಗುಳಿ ತೆಗೆದು, ಬದಿಯಿಂದ ಮಣ್ಣು ಕೆರೆಯಬೇಕು. ಗದ್ದೆಗೆ ಅರ್ಧ ಅಡಿ ಆಳ ಸಾಕು. ತೋಟಕ್ಕೆ ಒಂದಡಿಯಿಂದ ಎರಡಡಿ ಬೇಕು. ಎಲ್ಲ ಸೇರಿಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ ನೆರಳಲ್ಲಿ ಒಣಗಿಸಿ ಕೊಡಿ. ಎಲ್ಲಿ ಕೊಡಬೇಕು ಅಂತ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ. ನಮ್ಮದು ಮಳೆಯಲ್ಲಿ ತೊಳೆದು ಹೋದ ಕೆಂಪು ಮಣ್ಣು. ಹುಳಿ ಜಾಸ್ತಿ ಇರುವುದೇ ಹೆಚ್ಚು, ಸುಣ್ಣ ಬೇಕಾಗುತ್ತದೆ. ಎಷ್ಟು ಅನ್ನುವುದನ್ನು ಪರೀಕ್ಷೆಯ ಚೀಟಿ ನೋಡಿಯೇ ಹಾಕಿ. ಕಣ್ಣಳತೆ ಬೇಡ.

ಎರಡನೇ ಹೆಜ್ಜೆ: ಆ ಪದ್ಧತಿ ಯಾವ ಕಷ್ಟಕ್ಕೆ ಹುಟ್ಟಿತು ಅಂತ ಕೇಳಿ

ಹನಿ ನೀರಾವರಿಯನ್ನೇ ತಗೊಳ್ಳಿ. ಇಸ್ರೇಲಿನ ಸಿಂಹಾ ಬ್ಲಾಸ್ ಅನ್ನುವ ನೀರಾವರಿ ಎಂಜಿನಿಯರ್, ಸೋರುವ ಪೈಪಿನ ಪಕ್ಕದ ಮರವೊಂದೇ ಉಳಿದವಕ್ಕಿಂತ ದೊಡ್ಡದಾಗಿ ಬೆಳೆದದ್ದನ್ನು ನೋಡಿ ಈ ದಾರಿ ಹಿಡಿದರು. 1965ರಲ್ಲಿ ನೆಗೆವ್ ಮರುಭೂಮಿಯ ಹಟ್ಜೆರಿಮ್ ಕಿಬುಟ್ಜ್‌ನಲ್ಲಿ, ಅಂದರೆ ಎಲ್ಲರೂ ಕೂಡಿ ದುಡಿದು ಬಾಳುವ ಊರಿನಲ್ಲಿ, ಹನಿ ನೀರಾವರಿಯ ಕಂಪನಿ ಶುರುವಾಯಿತು. ಅದು ಹುಟ್ಟಿದ್ದು ನೀರಿನ ಬರದಲ್ಲಿ. ನಮಗೂ ಬೇಸಿಗೆಯಲ್ಲಿ ಅದೇ ಬರ. ಅದಕ್ಕೇ ಅಡಿಕೆ ತೋಟದಲ್ಲಿ ಅದು ನೆಲೆ ನಿಂತಿತು. ಫಲ ಬಿಡುವ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಮರದ ಲೆಕ್ಕ ಹಾಕಿ, ಏಪ್ರಿಲ್‌ನಲ್ಲಿ ನೀವು ಅಳೆದ ಬಾವಿಯ ನೀರಿಗೆ ಹೋಲಿಸಿ. ತೂಗಿದರೆ ಮಾತ್ರ ಪೈಪ್ ಕೊಳ್ಳಿ.

ಹಾಲೆಂಡಿನ ಗಾಜಿನ ಮನೆಗಳು ಬೇರೆ ಕಥೆ. ಅಲ್ಲಿ ಚಳಿ, ಬಿಸಿಲು ಕಡಿಮೆ, ನೆಲವೂ ಚಿಕ್ಕದು. ಒಳಗೆ ಬೆಚ್ಚಗಿಡುವುದೇ ಆ ಮನೆಯ ಕೆಲಸ. ನಮ್ಮಲ್ಲಿ ಬೆಚ್ಚಗೆ ಮಾಡಬೇಕಾದ್ದು ಏನಿದೆ? ಕಾರವಾರದಲ್ಲಿ ಮೇ ತಿಂಗಳಲ್ಲಿ ಮುಚ್ಚಿದ ಪಾಲಿಹೌಸ್ ಒಳಗೆ ಹತ್ತು ನಿಮಿಷ ನಿಂತು ನೋಡಿ, ಗೊತ್ತಾಗುತ್ತದೆ. ಆದರೆ ಬದಿ ತೆರೆದಿಟ್ಟು, ಮೇಲೆ ಮಾತ್ರ ಪ್ಲಾಸ್ಟಿಕ್ ಹೊದೆಸಿದ ಮಳೆ ಆಸರೆ ನಮಗೆ ಬಹಳ ಒಳ್ಳೆಯದು. ಜುಲೈಯಲ್ಲಿ ಕೊತ್ತಂಬರಿ, ಮೆಣಸಿನ ಸಸಿ, ಕಾಳುಮೆಣಸಿನ ಬಳ್ಳಿಯ ನರ್ಸರಿ ಅದರಡಿಯಲ್ಲಿ ಚೆನ್ನಾಗಿ ಆಗುತ್ತವೆ. ಸಾಮಾನು ಅವರದೇ, ಕೆಲಸ ಮಾತ್ರ ಬೇರೆ. ಅಳಿಯನ ಪೈಪಿನ ಸೊಪ್ಪು ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ನೆಲ ಇಲ್ಲದ, ಗಿರಾಕಿ ಹತ್ತಿರ ಇರುವ ಪೇಟೆಗೆ ಅದು ಸರಿ. ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಬೇರು ಒಣಗುತ್ತದೆ. ಹಾಗೆ ಬೆಳೆಯುವ ಲೆಟ್ಯೂಸ್ ಸೊಪ್ಪು ಕೊಳ್ಳುವವರು ಶಿರಸಿ ಪೇಟೆಯಲ್ಲಿ ಎಷ್ಟು ಜನ?

ಅಮೆರಿಕದ ದೊಡ್ಡ ಯಂತ್ರಗಳ ವಿಡಿಯೊ ನೋಡಿ ಮೈಮರೆಯುವವರಿಗೆ ಎರಡು ಅಂಕಿ ಹೇಳುತ್ತೇನೆ. ಅಲ್ಲಿ 2022ರ ಗಣತಿಯಂತೆ ಒಂದು ಫಾರ್ಮಿನ ಸರಾಸರಿ 463 ಎಕರೆ. ನಮ್ಮ ದೇಶದಲ್ಲಿ 2015–16ರ ಕೃಷಿ ಗಣತಿಯಲ್ಲಿ ಒಂದು ಹಿಡುವಳಿಯ ಸರಾಸರಿ 1.08 ಹೆಕ್ಟೇರ್, ಅಂದರೆ ಎರಡೂಮುಕ್ಕಾಲು ಎಕರೆಗೂ ಕಡಿಮೆ. ಅವರಿಗೆ ನೆಲ ಹೇರಳ, ಕೈ ಕಡಿಮೆ. ಹಾಗಾಗಿ ಒಂದೇ ಬೆಳೆ, ಒಂದೇ ಎತ್ತರ, ಒಂದೇ ದಿನ ಕೊಯ್ಲು. ನಮಗೆ ಕೈಯೂ ಕಡಿಮೆ ಆಗುತ್ತಿದೆ, ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಕಾಡು ಸವರಿ ಸುಟ್ಟು, ಎರಡು ಮೂರು ವರ್ಷ ಬೆಳೆ ತೆಗೆದು, ಮುಂದಕ್ಕೆ ಹೋಗುವ ಬೇಸಾಯ ಈಶಾನ್ಯದಲ್ಲಿ ಜೂಮ್ ಆದರೆ ನಮ್ಮ ಜಿಲ್ಲೆಯಲ್ಲಿ ಕುಮರಿ. 19ನೇ ಶತಮಾನದಲ್ಲಿ ಬ್ರಿಟಿಷರ ಅರಣ್ಯ ಇಲಾಖೆ ಅದಕ್ಕೆ ಕಡಿವಾಣ ಹಾಕಿತು. ಈಗ ಅದನ್ನು ಮಾಡುವ ಪ್ರಶ್ನೆಯೇ ಇಲ್ಲ. ಆದರೂ ಅದರ ಒಂದು ಬುದ್ಧಿ ನೆನಪಿಡುವಂಥದ್ದು. ಸುಸ್ತಾದ ನೆಲಕ್ಕೆ ರಜೆ ಕೊಡುತ್ತಿದ್ದರು.

ಮೂರನೇ ಹೆಜ್ಜೆ: ತೋಟವನ್ನು ಅಂತಸ್ತಿನ ಮನೆಯ ಹಾಗೆ ಕಟ್ಟಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಘಟ್ಟದ ಮೇಲಿನವರಿಗೆ ಹೊಟ್ಟೆ ತುಂಬಿಸುವುದು ಇದೇ.

ಆಫ್ರಿಕಾದ ಕಿಲಿಮಂಜಾರೋ ಬೆಟ್ಟದ ಇಳಿಜಾರಿನಲ್ಲಿ ಚಗ್ಗಾ ಜನರ ಮನೆತೋಟಗಳಿವೆ. ಮೇಲೆ ದೊಡ್ಡ ಮರ, ಅದರಡಿ ಬಾಳೆ, ಬಾಳೆಯಡಿ ಕಾಫಿ, ನೆಲದಲ್ಲಿ ಗೆಡ್ಡೆ ಮತ್ತು ತರಕಾರಿ. ಬೆಟ್ಟದ ನೀರನ್ನು ಕಾಲುವೆಯಲ್ಲಿ ಇಳಿಸಿಕೊಳ್ಳುತ್ತಾರೆ. ಶ್ರೀಲಂಕಾದ ಕ್ಯಾಂಡಿಯಲ್ಲೂ ಹೀಗೇ. ಮೆಣಸು, ಜಾಯಿಕಾಯಿ, ಹಲಸು, ತೆಂಗು ಎಲ್ಲ ಒಂದರ ಮೈಮೇಲೊಂದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಣಿವೆ ತೋಟ ನೋಡಿದವರಿಗೆ ಇದು ಹೊಸತು ಅನ್ನಿಸುವುದಿಲ್ಲ, ಅಲ್ವಾ? ಮೂರೂ ಕಡೆ ಕಷ್ಟ ಒಂದೇ. ಇಳಿಜಾರು ನೆಲ, ಜೋರು ಮಳೆ, ಸಣ್ಣ ಹಿಡುವಳಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದರಲ್ಲ, ಆ ಮೆಣಸು ಬೆಳೆದದ್ದು ಈ ಘಟ್ಟದ ನೆರಳಿನಲ್ಲೇ.

ಕೆಲಸದ ಕ್ರಮ ಹೀಗಿರಲಿ. ಮೊದಲು ಕಾಲುವೆ, ಆಮೇಲೆ ಗಿಡ. ನಾವು ಕಾದಿಗೆ ಅನ್ನುವ ಬಸಿಗಾಲುವೆಯ ತಳ ಗಿಡದ ಗುಂಡಿಯ ತಳಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ಗುಂಡಿಯೇ ಕೆರೆಯಾಗುತ್ತದೆ. ಪ್ರತಿ ಎರಡು ಸಾಲಿಗೆ ಒಂದು ಕಾಲುವೆ ಇದ್ದರೆ ಒಳ್ಳೆಯದು. ಮೇ ತಿಂಗಳಲ್ಲಿ ಅದರ ಹೂಳು ತೆಗೆಸುವುದು ಪ್ರತಿ ವರ್ಷದ ಕೆಲಸ. ಒಂದು ವರ್ಷ ತಪ್ಪಿಸಿದರೂ ಬೇರು ಹೇಳುತ್ತದೆ.

ಅಡಿಕೆಗೆ 9 ಅಡಿ ಅಂತರ ಕೊಡಿ. ಎಕರೆಗೆ ಸುಮಾರು 550 ಮರ ಆಗುತ್ತದೆ. ಹಳೆಯ ತೋಟಗಳಲ್ಲಿ ಮರ ಸತ್ತ ಕಡೆಯೆಲ್ಲ ಸಸಿ ತುರುಕಿ 700ಕ್ಕೂ ಹೆಚ್ಚು ಮಾಡಿರುತ್ತಾರೆ. ಮರ ಜಾಸ್ತಿ ಆದ ಮಾತ್ರಕ್ಕೆ ಅಡಿಕೆ ಜಾಸ್ತಿ ಆಗುವುದಿಲ್ಲ, ಕೆಳಗಿನ ಬೆಳೆಗೆ ಬೆಳಕು ಮಾತ್ರ ಹೋಗುತ್ತದೆ. ಹೊಸದಾಗಿ ನೆಡುವಾಗ ಸಾಲನ್ನು ಉತ್ತರ ದಕ್ಷಿಣಕ್ಕೆ ಎಳೆದು ಸ್ವಲ್ಪ ಪಶ್ಚಿಮಕ್ಕೆ ವಾಲಿಸಿ, ಶಿಫಾರಸು 35 ಡಿಗ್ರಿ. ಮಧ್ಯಾಹ್ನದ ಬಿಸಿಲು ಕಾಂಡಕ್ಕೆ ನೇರ ಬಡಿದು ಸುಡುವುದು ಇದರಿಂದ ಕಡಿಮೆಯಾಗುತ್ತದೆ. ಮೊದಲ ವರ್ಷಗಳಲ್ಲಿ ನೆರಳಿಗೆ ಬಾಳೆ ಇರಲಿ. ಮರ ಫಲ ಕೊಡಲು ಐದರಿಂದ ಏಳು ವರ್ಷ ಬೇಕು. ಅಷ್ಟು ವರ್ಷ ಮನೆಯ ಖರ್ಚು ನೋಡಿಕೊಳ್ಳುವುದೂ ಬಾಳೆಯೇ.

ಕಾಳುಮೆಣಸನ್ನು ಅವಸರದಲ್ಲಿ ಹಬ್ಬಿಸಬೇಡಿ. ಅಡಿಕೆ ಮರಕ್ಕೆ ಆರರಿಂದ ಎಂಟು ವರ್ಷ ಆಗಲಿ. ಮರದ ಉತ್ತರ ಅಥವಾ ಈಶಾನ್ಯ ದಿಕ್ಕಿನಲ್ಲಿ, ಬುಡದಿಂದ ಎರಡಡಿ ದೂರ, ಒಂದೂವರೆ ಅಡಿ ಗುಂಡಿ. ಮಳೆ ಹಿಡಿದ ಮೇಲೆ ಬೇರು ಬಂದ ಬಳ್ಳಿ ನೆಟ್ಟು ಮರಕ್ಕೆ ಒರಗಿಸಿ. ಪಣಿಯೂರು-1 ತಳಿಗೆ ಬೆಳಕು ಬೇಕು, ಗಾಢ ನೆರಳಿನಲ್ಲಿ ಬರೀ ಎಲೆ ಬಿಡುತ್ತದೆ. ಕೇರಳದಿಂದ ಬಂದ ಹೆಸರುವಾಸಿ ತಳಿ ಅಂತ ತೋಟದ ತುಂಬ ಅದನ್ನೇ ಹಾಕಿ ಬೇಜಾರಾದವರು ನಮ್ಮೂರಲ್ಲೇ ಇದ್ದಾರೆ. ನಮ್ಮದೇ ಮಲ್ಲಿಗೆಸರ ನೆರಳು ತಡೆಯುತ್ತದೆ. ಅಂಚಿಗೆ ಪಣಿಯೂರು, ಒಳಗೆ ಮಲ್ಲಿಗೆಸರ. ನನ್ನ ಅಭಿಪ್ರಾಯ ಇಷ್ಟೇ. ಸೊರಗು ರೋಗ ಬರುವುದು ಬುಡದಲ್ಲಿ ನೀರು ನಿಂತಲ್ಲಿ. ಮಳೆಗಾಲಕ್ಕೆ ಮೊದಲು ಬೇವಿನ ಹಿಂಡಿ, ಕಾಂಪೋಸ್ಟ್ ಜೊತೆ ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿ ಬುಡಕ್ಕೆ ಕೊಡಿ. ನೆಲಕ್ಕೆ ತಾಗುವ ಬಳ್ಳಿ ಕತ್ತರಿಸಿ.

ಮೂರನೇ ಅಂತಸ್ತಿಗೆ ಏಲಕ್ಕಿಯೋ ಕೋಕೋವೋ? ಎರಡನ್ನೂ ಒಂದೇ ಕಡೆ ಬೇಡ. ತಂಪು ಕಣಿವೆ, ಬೇಸಿಗೆಯಲ್ಲೂ ತೇವ ಇರುವ ಕಡೆ ಏಲಕ್ಕಿ. ಇದು ಪಶ್ಚಿಮ ಘಟ್ಟದ್ದೇ ಗಿಡ. ಈಚಿನ ದಶಕಗಳಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆದವರು ಗ್ವಾಟೆಮಾಲಾದವರು ಅನ್ನುವುದು ಬೇರೆ ಮಾತು. ಕೋಕೋ ಅಮೆರಿಕ ಖಂಡದ ಕಾಡಿನ ಗಿಡ, ನೆರಳಿಗೆ ಒಗ್ಗಿದ್ದು. ಎರಡು ಅಡಿಕೆ ಮರಕ್ಕೆ ಒಂದು ಕೋಕೋ ಲೆಕ್ಕದಲ್ಲಿ ಸಾಲಿನ ನಡುವೆ ಕೂರಿಸಬಹುದು. ಹಸಿ ಬೀಜವನ್ನು ಅಡಿಕೆ, ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕೊಳ್ಳುತ್ತದೆ. ಆದರೆ ವರ್ಷಕ್ಕೊಮ್ಮೆ ಕತ್ತರಿ ಆಡಿಸಲೇಬೇಕು, ಬಿಟ್ಟರೆ ಕಾಡಾಗುತ್ತದೆ. ಮತ್ತೆ ಮಂಗ, ಅಳಿಲು. ಅವಕ್ಕೆ ಕೋಕೋ ಹಣ್ಣು ಯಾವತ್ತು ಹಣ್ಣಾಯಿತು ಅಂತ ನಮಗಿಂತ ಒಂದು ದಿನ ಮೊದಲೇ ಗೊತ್ತು.

ಗೊಬ್ಬರದ ಲೆಕ್ಕ: ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ. ಸೊಪ್ಪು ಎಲ್ಲಿಂದ? ನಮ್ಮ ಸೊಪ್ಪಿನ ಬೆಟ್ಟ, ಅಂದರೆ ತೋಟದವರು ಸೊಪ್ಪು ಕಡಿಯಲು ಬಿಟ್ಟ ಕಾಡು, ಇರುವುದೇ ಅದಕ್ಕೆ. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಬಂದದ್ದು. ನಮ್ಮ ತೋಟದ ಇನ್ನೊಂದು ಅರ್ಧ ಇರುವುದು ಬೆಟ್ಟದಲ್ಲಿ. ಎಲ್ಲ ಮರದ ಕೊಂಬೆಯನ್ನೂ ಪ್ರತಿ ವರ್ಷ ಬೋಳಿಸಿದರೆ ಮರ ಸಾಯುತ್ತದೆ. ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೆ ಒಂದರಲ್ಲಿ ಮಾತ್ರ ಸೊಪ್ಪು ಕಡಿಯಿರಿ. ಕುಮರಿಯ ರಜೆ ಅಂದೆನಲ್ಲ, ಇಲ್ಲಿ ಕೆಲಸಕ್ಕೆ ಬರುವುದು ಅದೇ. ಖಾಲಿ ಜಾಗ ಇದ್ದರೆ ಮುರುಗಲು, ಉಪ್ಪಾಗೆ, ಅಪ್ಪೆಮಿಡಿ ನೆಡಿ. ಬಹಳ ಉಪಕಾರಿ ಮರಗಳು.

ಬೋರ್ಡೋ ಮಾಡುವಾಗ

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೂ ಹೊರಗಿನಿಂದ ಬಂದದ್ದೇ. ಫ್ರಾನ್ಸಿನ ಬೋರ್ಡೋ ಕಡೆ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳಬಾರದು ಅಂತ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ಬರಲಿಲ್ಲ ಅನ್ನುವುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ನಮ್ಮ ಕೊಳೆರೋಗವನ್ನು ಮೈಸೂರು ಸಂಸ್ಥಾನದಲ್ಲಿ 1910ರ ಹೊತ್ತಿಗೆ ಲೆಸ್ಲಿ ಕೋಲ್ಮನ್ ಅಭ್ಯಾಸ ಮಾಡಿದರು. ದ್ರಾಕ್ಷಿಗೂ ಅಡಿಕೆಗೂ ಶತ್ರು ಒಂದೇ ಬಗೆಯದು, ಒದ್ದೆಯಲ್ಲಿ ಹಬ್ಬುವ ರೋಗ. ಹಾಗಾಗಿ ಮದ್ದು ಹೊಂದಿತು.

ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕರಗಿಸಿ. ಕಬ್ಬಿಣದ ಪಾತ್ರೆ ಬೇಡವೇ ಬೇಡ. ಸುಣ್ಣದ ನೀರನ್ನು ಸೋಸಿ. ಅದಕ್ಕೆ ಮೈಲುತುತ್ತದ ನೀರನ್ನು ನಿಧಾನ ಹೊಯ್ಯುತ್ತಾ ಕೋಲಿನಲ್ಲಿ ಕದಡುತ್ತಿರಿ. ಆಮೇಲೆ ತಿಕ್ಕಿ ತೊಳೆದ ಚೂರಿ ಅದ್ದಿ ಒಂದು ನಿಮಿಷ ಬಿಟ್ಟು ನೋಡಿ. ಅಲಗಿಗೆ ಕೆಂಪು ಹತ್ತಿದರೆ ಇನ್ನೂ ಸ್ವಲ್ಪ ಸುಣ್ಣದ ನೀರು ಬೇಕು. ಕಲಸಿದ ದಿನವೇ ಹೊಡೆದು ಮುಗಿಸಿ. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಡ್ರಮ್ ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ, ಮೀನು ಏಡಿಗೆ ತಾಮ್ರ ವಿಷ.

ನಾಲ್ಕನೇ ಹೆಜ್ಜೆ: ಗದ್ದೆ ಇದ್ದರೆ

ಗದ್ದೆಯನ್ನು ತೋಟ ಮಾಡುವ ಮುಂಚೆ ಎರಡು ಸಲ ಯೋಚಿಸಿ. ಅಡಿಕೆಗೆ ಎಲೆಚುಕ್ಕಿ ರೋಗ ಹೊಡೆದ ಊರುಗಳಲ್ಲಿ ಇದ್ದದ್ದೆಲ್ಲ ತೋಟವೇ ಆದವರ ಕಷ್ಟ ಹೆಚ್ಚಾಗಿದೆ.

ಭತ್ತ ಬೆಳೆಯುವ ಶ್ರೀ ಪದ್ಧತಿ ಅಂತ ಕೇಳಿರುತ್ತೀರಿ. ಮಡಗಾಸ್ಕರ್‌ನಲ್ಲಿ 1980ರ ದಶಕದಲ್ಲಿ ಆಂರಿ ದ ಲೊಲಾನಿಯೆ ಎಂಬ ಪಾದ್ರಿ ಬಡ ರೈತರ ಜೊತೆ ಕಂಡುಕೊಂಡದ್ದು. 8ರಿಂದ 12 ದಿನದ ಎಳೆ ಸಸಿ, ಗುಣಿಗೆ ಒಂದೇ, 25 ಸೆಂ.ಮೀ. ಅಂತರ, ನೀರು ನಿಲ್ಲಿಸದೆ ಒಣ ಹಸಿ ಮಾಡುತ್ತಾ ಬೆಳೆಸುವುದು. ಬೀಜ ಎಕರೆಗೆ ಎರಡು ಕಿಲೋ ಸಾಕು. ಅದು ಬೀಜ, ನೀರು ಎರಡೂ ಕಡಿಮೆ ಇರುವವರ ಪದ್ಧತಿ. ಜುಲೈಯಲ್ಲಿ ನಮ್ಮ ತಗ್ಗು ಗದ್ದೆಯಲ್ಲಿ ಹತ್ತು ದಿನದ ಸಸಿ ಒಂದು ರಾತ್ರಿಯ ಮಳೆಗೆ ಮುಳುಗಿ ಹೋಗುತ್ತದೆ. ನೀರು ಬಸಿಯುವ ಮೇಲಿನ ಗದ್ದೆಗೆ ಮಾತ್ರ ಇದನ್ನು ಮಾಡಿ. ತಗ್ಗಿಗೆ ಎತ್ತರ ಬೆಳೆದ ಸಸಿಯೇ ಸರಿ.

ಜಪಾನಿನ ತಕಾವೊ ಫುರುನೊ ಗದ್ದೆಗೆ ಬಾತುಕೋಳಿ ಮರಿ ಬಿಟ್ಟು ಕಳೆ, ಹುಳು ಎರಡನ್ನೂ ನಿಭಾಯಿಸಿದರು. ಇಲ್ಲೂ ಆಗುತ್ತದೆ, ಆದರೆ ಸುತ್ತ ಬಲೆ ಬೇಕು, ರಾತ್ರಿ ಗೂಡು ಬೇಕು. ಇಲ್ಲದಿದ್ದರೆ ನರಿಗೆ ಹಬ್ಬ.

ಭತ್ತ ಕೊಯ್ದ ಗದ್ದೆಯನ್ನು ಖಾಲಿ ಬಿಡುವುದು ನನಗೆ ಹೊಟ್ಟೆ ಉರಿಯುವ ಸಂಗತಿ. ಉಳಿದ ತೇವದಲ್ಲೇ ಉದ್ದು, ಹೆಸರು ಬರುತ್ತವೆ. ಕರಾವಳಿಯ ಮರಳು ಮಣ್ಣಿನಲ್ಲಿ ಶೇಂಗಾ, ತರಕಾರಿ. ಕುಮಟಾದ ಹೆದ್ದಾರಿ ಬದಿಯಲ್ಲಿ ಜಡೆಯ ಹಾಗೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ನೋಡಿದ್ದೀರಲ್ಲ? ಭತ್ತ ಮುಗಿದ ಮೇಲೆ ಬಿಡುವಾಗುವ ನೆಲಕ್ಕೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಡ.

ಐದನೇ ಹೆಜ್ಜೆ: ಉಪ್ಪು ನೀರು ಬರುವ ನೆಲವಾದರೆ

ಘಟ್ಟದ ಮೇಲಿನ ನಾನು ಗಜನಿಯ ಬಗ್ಗೆ ಹೇಳುವುದು ಸ್ವಲ್ಪ ಧೈರ್ಯದ ಮಾತೇ. ಕುಮಟಾ ತಾಲೂಕಿನ ಮಾಣಿಕಟ್ಟಾ ಕಡೆ ನೆಂಟರ ಮನೆಗೆ ಹೋದಾಗೆಲ್ಲ ನೋಡಿ, ಕೇಳಿ ತಿಳಿದದ್ದು ಇದು.

ಅಘನಾಶಿನಿ ಸಮುದ್ರ ಸೇರುವಲ್ಲಿ ಭರತದ ನೀರು ನುಗ್ಗುವ ತಗ್ಗು ನೆಲವೇ ಗಜನಿ. ಕಟ್ಟೆ ಕಟ್ಟಿ, ಹಲಗೆಯ ಬಾಗಿಲಿಟ್ಟು, ನೀರನ್ನು ಒಳಗೆ ಹೊರಗೆ ಬಿಡುತ್ತಾರೆ. ಮೊದಲ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆಯುವ ಎತ್ತರದ ತಳಿ ಅದು. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಆ ಹುಲ್ಲು ಕೊಳೆತು ಸೀಗಡಿ, ಮೀನಿಗೆ ಆಹಾರ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಹೊಡೆದರೆ ಮೀನು ಉಳಿಯಬೇಕಲ್ಲ. ಕೇರಳದ ಪೊಕ್ಕಾಳಿ, ಗೋವಾದ ಖಾಜನ್ ಇದರ ಅಣ್ಣತಮ್ಮಂದಿರು. ಚೀನಾದ ಚಿಂಗ್‌ಟಿಯಾನ್‌ನಲ್ಲಿ ಸಿಹಿನೀರಿನ ಗದ್ದೆಯಲ್ಲಿ ಭತ್ತದ ಜೊತೆಗೇ ಮೀನು ಸಾಕುತ್ತಾರೆ. ಅದಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2005ರಲ್ಲೇ ಪಾರಂಪರಿಕ ಕೃಷಿ ಅಂತ ಮಾನ್ಯತೆ ಕೊಟ್ಟಿದೆ. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು.

ನಿಮಗೆ ಗಜನಿಯಲ್ಲಿ ಪಾಲು ಇದ್ದರೆ ಮೊದಲ ಕೆಲಸ ಕಟ್ಟೆ, ಬಾಗಿಲು ನೋಡುವುದು. ಒಬ್ಬರಿಂದ ಆಗುವ ಕೆಲಸ ಅಲ್ಲ ಅದು. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಊರಿನ ಸಭೆಯಲ್ಲಿ ಕೂತು ಯಾವಾಗ ಮುಚ್ಚುವುದು, ಯಾವಾಗ ತೆರೆಯುವುದು ಅಂತ ಒಪ್ಪಿಗೆ ಆದ ಮೇಲೆಯೇ ಬೀಜ ಹುಡುಕಿ. ಸೀಗಡಿಗೆ ಬೆಲೆ ಬಂದ ಮೇಲೆ ಬಹಳ ಕಡೆ ಭತ್ತ ನಿಂತು ಬರೀ ಸೀಗಡಿ ಉಳಿಯಿತು. ಬರೀ ಸೀಗಡಿಗೆ ರೋಗ ಬಂದರೆ ಆ ವರ್ಷ ಕೈಯಲ್ಲಿ ಏನೂ ಇಲ್ಲ.

ಆರನೇ ಹೆಜ್ಜೆ: ಹೊಸ ಬೆಳೆಗೆ ಎರಡು ಗುಂಟೆ

ಇದನ್ನು ನಾನು ಕಲಿತದ್ದು ವೆನಿಲ್ಲಾದಿಂದ. 2000ದ ದಶಕದ ಮೊದಲ ವರ್ಷಗಳಲ್ಲಿ ಮಲೆನಾಡಿನಲ್ಲೆಲ್ಲ ಅದರದೇ ಮಾತು. ಮೆಕ್ಸಿಕೋದ ಬಳ್ಳಿ ಅದು. ಅದರ ಹೂವಿಗೆ ಪರಾಗ ಮುಟ್ಟಿಸುವ ಜೇನು ನಮ್ಮಲ್ಲಿಲ್ಲ. ಹಾಗಾಗಿ ಒಂದೇ ಬೆಳಗ್ಗೆ ಅರಳಿ ಬಾಡುವ ಹೂವಿಗೆ ಕಡ್ಡಿಯಿಂದ ನಾವೇ ಪರಾಗ ಮುಟ್ಟಿಸಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಅಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ತೋರಿಸಿಕೊಟ್ಟ ಉಪಾಯ ಅದು. ನಮ್ಮ ಮನೆಯಲ್ಲಿ ಅಮ್ಮ, ಚಿಕ್ಕಮ್ಮ ಬೆಳಗಿನ ಆಸರಿಗೆ ಕುಡಿಯುವ ಮುಂಚೆಯೇ ಕಡ್ಡಿ ಹಿಡಿದು ತೋಟಕ್ಕೆ ಹೋಗುತ್ತಿದ್ದರು. ಅಪ್ಪ ಅರ್ಧ ಎಕರೆಗೆ ಬಳ್ಳಿ ಹಬ್ಬಿಸಿದ್ದರು. ನಮ್ಮ ಕೋಡು ಬಲಿಯುವ ಹೊತ್ತಿಗೆ ಬೆಲೆ ಬಿದ್ದಿತ್ತು. ಮಡಗಾಸ್ಕರ್‌ನಲ್ಲಿ ಚಂಡಮಾರುತ ಬಂದು ಬೆಳೆ ಹೋದದ್ದಕ್ಕೆ ಇಲ್ಲಿ ಬೆಲೆ ಏರಿತ್ತು, ಅಲ್ಲಿ ಬೆಳೆ ಚೇತರಿಸಿಕೊಂಡಾಗ ಇಳಿಯಿತು ಅನ್ನುವುದು ನಮಗೆ ಗೊತ್ತಾದದ್ದು ಆಮೇಲೆ.

ಹಾಗಾಗಿ ನಮ್ಮ ಮನೆಯಲ್ಲೀಗ ಹೊಸ ಬೆಳೆ ಏನೇ ಬರಲಿ, ಮೊದಲ ಮೂರು ವರ್ಷ ಅದಕ್ಕೆ ಎರಡು ಗುಂಟೆ ಮಾತ್ರ. ಗಿಡ ಮಾರುವವರನ್ನು ಬಿಟ್ಟು ಫಲ ಕೊಳ್ಳುವವರನ್ನು ಮೊದಲು ಹುಡುಕಿ. ಶಿರಸಿಯ ಸಹಕಾರಿ ಸಂಘಗಳ ಅಂಗಳದಲ್ಲಿ ಒಂದು ಬೆಳಗ್ಗೆ ನಿಂತು ಏನೇನು ಹರಾಜಾಗುತ್ತದೆ ಅಂತ ನೋಡಿ. ಅಲ್ಲಿ ಹೆಸರೇ ಕೇಳಿಸದ ಬೆಳೆಯಾದರೆ ಮಾರುವ ದಾರಿಯನ್ನೂ ನೀವೇ ಕಡಿಯಬೇಕಾಗುತ್ತದೆ. ಸಾವಯವ ಅಂತ ಪ್ರಮಾಣಪತ್ರ ಬೇಕಿದ್ದರೆ ತೋಟದ ಬೆಳೆಗೆ ಮೂರು ವರ್ಷದ ಪರಿವರ್ತನೆಯ ಅವಧಿ ಇದೆ. ಆ ಮೂರು ವರ್ಷ ಹೆಚ್ಚಿನ ಬೆಲೆ ಸಿಗುವುದಿಲ್ಲ ಅಂತ ಲೆಕ್ಕ ಹಾಕಿಕೊಂಡೇ ಇಳಿಯಿರಿ.

ಕೊನೆಯ ಹೆಜ್ಜೆ: ಕೈ ಎಷ್ಟಿವೆ ಎಣಿಸಿ

ಕ್ಯಾಲೆಂಡರಿನ ಹಿಂದೆ ಹನ್ನೆರಡು ತಿಂಗಳು ಬರೆದು, ಯಾವ ತಿಂಗಳು ಎಷ್ಟು ಆಳು ಬೇಕು ಅಂತ ತುಂಬಿಸಿ. ಮೇ, ಜೂನ್‌ನಲ್ಲಿ ಕಾದಿಗೆ, ಬೋರ್ಡೋ, ಗದ್ದೆ ಎಲ್ಲ ಒಟ್ಟಿಗೆ ಬರುತ್ತವೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಅಡಿಕೆ ಕೊಯ್ಲು, ಸುಲಿಯುವುದು, ಮೆಣಸು. ಆ ತಿಂಗಳುಗಳಿಗೆ ಇನ್ನೊಂದು ಬೆಳೆ ತುರುಕಬೇಡಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಸಿಗುವುದು ಈಗ ಮದುವೆಗೆ ಪುರೋಹಿತರು ಸಿಕ್ಕಷ್ಟೇ ಕಷ್ಟ. ಮರ ಹತ್ತದೆ ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ದುಬಾರಿ. ನಾಲ್ಕು ಮನೆ ಸೇರಿ ಒಂದು ಕೊಂಡರೆ ಹೊರೆಯಾಗುವುದಿಲ್ಲ. ಕತ್ತು ನೋವು ಮಾತ್ರ ಹಂಚಿಕೊಳ್ಳಲು ಬರುವುದಿಲ್ಲ, ಮೊದಲ ವಾರ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಎತ್ತಬೇಡಿ.

ಜೇನು ಪೆಟ್ಟಿಗೆ ಎರಡಿರಲಿ. ತುಡುವೆ ಜೇನು ಕೆಲಸ ಕೇಳುವುದು ಕಡಿಮೆ, ಸಂಬಳವನ್ನಂತೂ ಕೇಳುವುದೇ ಇಲ್ಲ.

ಅಳಿಯ ಈಗ ಏನು ಮಾಡುತ್ತಿದ್ದಾನೆ ಅಂತ ಕೇಳುತ್ತೀರಾ? ಪೈಪ್ ತಂದ. ಆದರೆ ಸೊಪ್ಪಿಗಲ್ಲ, ಹನಿ ನೀರಾವರಿಗೆ. ಹಿತ್ತಲಿನಲ್ಲಿ ಹದಿನೈದು ಅಡಿ ಉದ್ದದ ಮಳೆ ಆಸರೆ ಕಟ್ಟಿದ್ದಾನೆ. ಅದರಡಿಯಲ್ಲಿ ಮಲ್ಲಿಗೆಸರದ ಮುನ್ನೂರು ಬಳ್ಳಿ ಬೇರು ಬಿಡುತ್ತಿವೆ. ಮೂಲೆಯಲ್ಲಿ ನಾಲ್ಕು ಲೆಟ್ಯೂಸ್ ಗಿಡವೂ ಇದೆ, ಮಣ್ಣಿನಲ್ಲೇ. ಅಕ್ಕ ಅದಕ್ಕೆ ತಂಬುಳಿ ಮಾಡಿ ನೋಡಿದಳು. ಒಂದೆಲಗದ ರುಚಿ ಬರಲಿಲ್ಲವಂತೆ.